ರೈಲು ಮೊದಲು, ಊರು ಆಮೇಲೆ

ಪ್ರಶ್ನೆ: ಅಮೆರಿಕದಲ್ಲಿ ಖಾಲಿ ಬಿದ್ದಿದ್ದ ಪಶ್ಚಿಮ ಸೀಮೆಯಲ್ಲಿ ರೈಲು ಬಂದ ಮೇಲೆ ಊರುಗಳು ಹುಟ್ಟಿದವು, ಕೈಗಾರಿಕೆ ಬೆಳೆಯಿತು ಎಂದು ಮಗಳ ಪಾಠದಲ್ಲಿದೆ. ನಮ್ಮ ತಾಳಗುಪ್ಪಕ್ಕೂ ರೈಲು ಬಂದು ಬಹಳ ಕಾಲವಾಯಿತು. ಇಲ್ಲೇಕೆ ಹಾಗಾಗಲಿಲ್ಲ?
– ಓದುಗರೊಬ್ಬರು, ಸಾಗರ

ಉತ್ತರ: ನಮ್ಮಲ್ಲಿ ಅಡಿಕೆ ತೋಟ, ಸಂತೆ, ದೇವಸ್ಥಾನ ಎಲ್ಲವೂ ಇದ್ದ ಮೇಲೆ ರೈಲು ಬಂತು. ಅಲ್ಲಿ ರೈಲು ಕಂಪನಿಯ ಕೈಗೇ ಜಮೀನು ಬಂತು. 1862ರಲ್ಲಿ ಅಧ್ಯಕ್ಷ ಲಿಂಕನ್ ಸಹಿ ಹಾಕಿದ ಕಾಯ್ದೆ, ಹಾಕಿದ ಹಳಿಯ ಮೈಲಿ ಲೆಕ್ಕದಲ್ಲಿ ಕಂಪನಿಗೆ ಸರ್ಕಾರಿ ಭೂಮಿ ಕೊಟ್ಟಿತು. ಚದುರಂಗದ ಹಾಸನ್ನು ನೆನಪಿಸಿಕೊಳ್ಳಿ. ಹಳಿಯ ಎರಡೂ ಬದಿಗೆ 640 ಎಕರೆಯ ಚೌಕಗಳು. ಕಪ್ಪು ಮನೆ ಕಂಪನಿಗೆ, ಬಿಳಿ ಮನೆ ಸರ್ಕಾರಕ್ಕೆ. 1864ರಲ್ಲಿ ಈ ಪಾಲು ಇಮ್ಮಡಿಯಾಗಿ ಮೈಲಿಗೆ 20 ಚೌಕವಾಯಿತು. ಜಮೀನು ಮಾರಿದರೆ ಕಂಪನಿಗೆ ಹಣ. ಕೊಂಡವನು ಬೆಳೆದ ಗೋಧಿ ಹೋಗಬೇಕಾದದ್ದೂ ಅದೇ ರೈಲಿನಲ್ಲಿ. ಹಾಗಾಗಿ ರೈತರನ್ನು ಕಂಪನಿಗಳೇ ಯುರೋಪಿನಿಂದ ಕರೆತಂದವು. 1870ರ ದಶಕದಲ್ಲಿ ರಷ್ಯಾದಿಂದ ಕ್ಯಾನ್ಸಸ್‌ಗೆ ಬಂದ ಮೆನೊನೈಟ್ ಎಂಬ ಕ್ರೈಸ್ತ ಪಂಥದವರು ಅಂಥವರು. ಚಳಿಗಾಲದ ಕೆಂಪು ಗೋಧಿಯ ಬೀಜವನ್ನೂ ತಂದಿದ್ದರು.

ಇನ್ನು ಕೈಗಾರಿಕೆ. ನನ್ನ ತಂದೆ ತಾಳಗುಪ್ಪ ಮಾರ್ಗದಲ್ಲಿ ಕೀಮ್ಯಾನ್ ಆಗಿದ್ದರು. ಬೆಳಗಿನ ಮಂಜಿನಲ್ಲಿ ಸುತ್ತಿಗೆ ಹೊತ್ತು ಹಳಿಗುಂಟ ನಡೆದು, ಸಡಿಲವಾದ ಬೆಣೆಗಳನ್ನು ಬಡಿದು ಬಿಗಿಮಾಡುತ್ತಿದ್ದರು. ತಿರುವು ಬಂದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಹೊರಗಿನ ಹಳಿಯ ಒಳ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು. ಮೊದಲು ಸವೆಯುವುದು ಅದೇ. ಅಮೆರಿಕದ ಆರಂಭದ ಹಳಿಗಳು ಬರಿ ಕಬ್ಬಿಣದವು, ಭಾರಕ್ಕೆ ಬೇಗ ಸವೆಯುತ್ತಿದ್ದವು. ಉಕ್ಕಿನವು ಹಲವು ಪಟ್ಟು ಬಾಳಿಕೆ ಬರುತ್ತಿದ್ದವು. 1875ರಲ್ಲಿ ಪಿಟ್ಸ್‌ಬರ್ಗ್ ಬಳಿಯ ಬ್ರಾಡಕ್‌ನಲ್ಲಿ ಉದ್ಯಮಿ ಕಾರ್ನೆಗಿ ಕಾರ್ಖಾನೆ ತೆರೆದದ್ದೇ ಉಕ್ಕಿನ ಹಳಿ ತಯಾರಿಸಲು. ಅದರ ಕುಲುಮೆಗೆ ಬೇಕಾದ ಕಲ್ಲಿದ್ದಲನ್ನು ಹೊತ್ತು ತರುತ್ತಿದ್ದದ್ದೂ ರೈಲು.

ಆದರೆ 'ಖಾಲಿ' ಎಂಬ ಮಾತನ್ನು ನಾನು ಒಪ್ಪಲಾರೆ. ಲಿಂಗನಮಕ್ಕಿ ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರು ನಿಮ್ಮ ಸಾಗರದಲ್ಲೇ ಇದ್ದಾರೆ. ಮಗಳಿಗೆ ಅವರ ಪರಿಚಯ ಮಾಡಿಸಿ. ಅಮೆರಿಕದ ಆ ಬಯಲಿಗೂ ಹಾಗೇ ಜನರಿದ್ದರು. ಅದು ಲಕೋಟ, ಷಯೆನ್ ಎಂಬ ಮೂಲನಿವಾಸಿಗಳ ನೆಲ. ಬೈಸನ್ ಎಂಬ ಕಾಡುದನವೇ ಅವರ ಊಟ, ಹೊದಿಕೆ, ಗುಡಾರ. ಹಳಿ ಬಂದ ಬೆನ್ನಿಗೇ ಬೇಟೆಗಾರರು ಬಂದರು, ಚರ್ಮ ಸುಲಿದು ವ್ಯಾಗನ್ನುಗಳಲ್ಲಿ ಪೂರ್ವಕ್ಕೆ ಕಳಿಸಿದರು. ಹಿಂಡುಗಳೆಲ್ಲ ಮುಗಿದ ಮೇಲೆ ಬಯಲಿನಲ್ಲಿ ಬಿದ್ದಿದ್ದ ಮೂಳೆಗಳನ್ನು ಆಯ್ದು ನಿಲ್ದಾಣದ ಪಕ್ಕ ರಾಶಿ ಹಾಕಿ, ಗೊಬ್ಬರಕ್ಕೆಂದು ಅದೇ ರೈಲಿಗೆ ತುಂಬಿದರು.