ಪೆನ್ ಜೋಡಿಸುವಾಗ ಮರ ಸೀಳುತ್ತಿದ್ದರೆ

ಲೇತ್‌ನಲ್ಲಿ (ಮರ ತಿರುಗಿಸಿ ಕಡೆಯುವ ಯಂತ್ರ) ಕಡೆದ ಮರದ ಪೆನ್ನಿಗೆ ಕಿಟ್‌ನ, ಅಂದರೆ ಪೆನ್ನಿನ ಬಿಡಿಭಾಗಗಳ ಸೆಟ್‌ನ, ಲೋಹದ ತುದಿ ಒತ್ತುವಾಗ ಮರ 'ಟಕ್' ಅಂತ ಬಿರುಕು ಬಿಡುತ್ತದೆ, ವೈಸ್ (ತಿರುಪು ಬಿಗಿಸಿ ಒತ್ತಿ ಹಿಡಿಯುವ ಸಾಧನ) ಬಿಟ್ಟು ಒಳ್ಳೆ ಪ್ರೆಸ್ ತಗೊಳ್ಳಬೇಕಾ ಅಂತ ಕೇಳಿದ್ದೀರಿ. ಬೇಡ, ದುಡ್ಡು ಉಳಿಸಿ. ಬಿರುಕು ಕಾಣುವುದು ಒತ್ತುವಾಗ, ಆದರೆ ಹೆಚ್ಚಿನ ಸಲ ತಪ್ಪಾಗಿರುವುದು ಕಡೆಯುವ ಮುಂಚೆ ಮರದ ತೂತಿಗೆ ಹಿತ್ತಾಳೆ ಕೊಳವೆ ಅಂಟಿಸುವಾಗಲೇ.

ನನ್ನ ಮೊದಲ ಬೀಟೆ ಪೆನ್ ಹೀಗೇ ಹೋಯಿತು. ಎರಡು ಸಂಜೆ ಕೂತು ಪಾಲಿಶ್ ಮಾಡಿದ್ದೆ, ಕೊನೇ ಅರ್ಧ ನಿಮಿಷದಲ್ಲಿ ಉದ್ದಕ್ಕೆ ಸೀಳು. ಹೊಟ್ಟೆ ಉರಿದುಹೋಯಿತು. ಆಮೇಲೆ ನೋಡಿದರೆ ಹಿತ್ತಾಳೆ ಕೊಳವೆಯ ಒಳಗೆ ಒಣಗಿದ ಅಂಟಿನ ಒಂದು ಸಣ್ಣ ಗಂಟು! ಸ್ಲಿಮ್‌ಲೈನ್ ಅನ್ನುವ ತೆಳು ಪೆನ್ ಕಿಟ್‌ನ 7 ಮಿ.ಮೀ. ಕೊಳವೆಯಲ್ಲಿ ಲೋಹದ ತುದಿ ಬಿಗಿಯಾಗಿಯೇ ಕೂರುವುದು, ಅದರ ಮಧ್ಯೆ ಅಂಟೂ ಸೇರಿದರೆ ಕೊಳವೆ ಉಬ್ಬುತ್ತದೆ, ಹಿತ್ತಾಳೆ ಸ್ವಲ್ಪ ತಡೆದುಕೊಳ್ಳುತ್ತದೆ, ಮೇಲಿನ ಒಂದು ಮಿಲಿಮೀಟರೂ ಇಲ್ಲದ ಮರ ತಡೆಯುವುದಿಲ್ಲ.

ಅದಕ್ಕೇ ಈಗ ಕೊಳವೆ ತೂರಿಸುವ ಮುಂಚೆ ಅದರ ಬಾಯಿಯನ್ನು ಹಸಿ ಆಲೂಗಡ್ಡೆ ಬಿಲ್ಲೆಗೆ ಒತ್ತುತ್ತೇನೆ. ಬಿರಡೆ ಹಾಕಿದ ಹಾಗೆ ಆಗುತ್ತದೆ, ಅಂಟು ಒಳಗೆ ಹೋಗುವುದಿಲ್ಲ. (ಮನೆಯವರು ನಗುತ್ತಾರೆ, ನಗಲಿ.) ಕೊಳವೆಯ ಹೊರಮೈಯನ್ನು ಸ್ಯಾಂಡ್ ಪೇಪರ್‌ನಿಂದ ಒರಟು ಮಾಡಿ, ಎಪಾಕ್ಸಿ (ಎರಡು ಭಾಗ ಬೆರೆಸುವ ಅಂಟು) ಹಚ್ಚಿ, ತಿರುಗಿಸುತ್ತಾ ತೂರಿಸಿ. ಮರದ ಕೊನೆಯ ಹತ್ತಿರ ಅಂಟು ತಾಗದೆ ಪೊಳ್ಳು ಉಳಿದರೆ ಅಲ್ಲೇ ಒಡೆಯುತ್ತದೆ. ಸೂಪರ್ ಗ್ಲೂ ಬೇಗ ಹಿಡಿದುಬಿಡುತ್ತದೆ, ಸರಿಯಾಗಿ ಹರಡಲು ಟೈಮೇ ಸಿಗುವುದಿಲ್ಲ.

ಇನ್ನೊಂದು, ಮರದ ತುಂಡಿನ ಕೊನೆ ಚಪ್ಪಟೆಯಾಗಿ, ಕೊಳವೆಗೆ ಲಂಬಕ್ಕೆ ಇರಬೇಕು. ಹಿತ್ತಾಳೆ ಸುತ್ತಲೂ ಹೊಳೆಯುವವರೆಗೆ ಟ್ರಿಮ್ಮರ್ (ಕೊನೆಯನ್ನು ಸಮ ಮಾಡುವ ಕತ್ತರಿಸುವ ಉಪಕರಣ) ಆಡಿಸಿ, ಅಲ್ಲಿಗೇ ನಿಲ್ಲಿಸಿ. ಓರೆ ಇದ್ದರೆ ಒತ್ತಡವೆಲ್ಲ ಒಂದೇ ಕಡೆ ಬೀಳುತ್ತದೆ. ಕೊಳವೆಯ ಒಳ ಅಂಚನ್ನೂ ಸ್ವಲ್ಪ ಇಳಿಜಾರು ಮಾಡಿ.

ಜೋಡಿಸುವ ಮೊದಲು ಲೋಹದ ತುದಿಯನ್ನು ಬೆರಳಲ್ಲೇ ತೂರಿಸಿ ನೋಡಿ. ಸ್ವಲ್ಪವೂ ಇಳಿಯುತ್ತಿಲ್ಲ ಅಂದರೆ ವೈಸ್ ತಿರುಗಿಸಿ ಹಟ ಮಾಡಬೇಡಿ, ಸಣ್ಣ ದುಂಡು ಅರದಲ್ಲಿ ಕೊಳವೆಯ ಒಳಗೆ ಕೆರೆಯಿರಿ. ತೀರಾ ಸಡಿಲವಾದರೂ ಚಿಂತೆ ಇಲ್ಲ, ಒಂದು ತೊಟ್ಟು ಅಂಟು ಸಾಕು. ವೈಸ್‌ನ ಎರಡೂ ದವಡೆಗೆ ಮರದ ಚೂರು ಇಟ್ಟು, ನೇರ ಇದೆಯಾ ಅಂತ ನೋಡುತ್ತಾ ನಿಧಾನಕ್ಕೆ ಒತ್ತಿ.

ಜೋಡಿಸಿ ತಿಂಗಳ ಮೇಲೆ ಸೀಳಿದರೆ ಅದು ಬೇರೆ ಕತೆ, ಮರ ಹಸಿ ಇತ್ತು ಅಂತ ಅರ್ಥ. ಮರ ಒಣಗುತ್ತಾ ಕುಗ್ಗುತ್ತದೆ, ಒಳಗಿನ ಹಿತ್ತಾಳೆ ಕುಗ್ಗುವುದಿಲ್ಲ, ಸೀಳದೆ ಇನ್ನೇನು ಮಾಡೀತು? ನಾನು ತೂತು ಕೊರೆದ ತುಂಡನ್ನು ಕೆಲವು ದಿನ ಸುಮ್ನೆ ಇಟ್ಟು ಆಮೇಲೆ ಅಂಟಿಸುತ್ತೇನೆ. ಕರಿಮರಕ್ಕಂತೂ ಇನ್ನೂ ಜಾಸ್ತಿ ದಿನ ಬೇಕು, ಸ್ಯಾಂಡ್ ಪೇಪರ್ ತಿಕ್ಕುವ ಬಿಸಿಗೂ ಅದು ಬಿರಿಯುತ್ತದೆ.

ಈಗಾಗಲೇ ಕೂದಲೆಳೆಯಷ್ಟು ಬಿರುಕು ಬಿಟ್ಟ ಪೆನ್ ಬಿಸಾಡಬೇಡಿ. ನೀರಿನಂಥ ತೆಳು ಸೂಪರ್ ಗ್ಲೂ ಒಂದು ತೊಟ್ಟು ಇಡಿ, ಬಿರುಕು ತಾನೇ ಎಳೆದುಕೊಳ್ಳುತ್ತದೆ. ಬೀಟೆಯಲ್ಲಿ ಆ ಗೆರೆ ಹುಡುಕಬೇಕು, ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆಯಂಥ ಬಿಳಿ ಮರದಲ್ಲಿ ಮಾತ್ರ ಕಂಡೇ ಕಾಣುತ್ತದೆ.