ಕಲ್ಲು ನೀರು ಕುಡಿಯುವ ಸಾಲಿನಿಂದ ಶುರು ಮಾಡಿ

ಪ್ರಿಯರೇ, ನಮಸ್ಕಾರ.

ಬಾದಾಮಿಯಿಂದ ನೀವು ಕಳಿಸಿದ ‘ನೆಲದೊಳಗಿನ ಅನಿಲದ ಕೆರೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಅಚ್ಚಿಗೆ ಕೊಡಲಾರೆ. ಆದರೆ ಏಳನೇ ಹಾಳೆಯಲ್ಲಿ ಒಂದು ಮಾತು ಬರೆದಿದ್ದೀರಿ: ನಮ್ಮೂರ ಕೆಂಪು ಕಲ್ಲಿನ ಮೇಲೆ ನೀರು ಚೆಲ್ಲಿದರೆ ಕಲ್ಲು ಮೆಲ್ಲಗೆ ಕುಡಿಯುತ್ತದೆ, ಬೀಸುವ ಕಲ್ಲಿನ ಮೇಲೆ ಹನಿ ಹಾಗೇ ನಿಲ್ಲುತ್ತದೆ. ಆ ಸಾಲಿಗಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ನೀವು ಹೇಳಬೇಕಾದದ್ದೆಲ್ಲ ಅಲ್ಲಿದೆ. ತಲೆಬರಹದ ಕೆರೆಯೇ ತಪ್ಪು. ನೈಸರ್ಗಿಕ ಅನಿಲ ಇರುವುದು ಮರಳುಗಲ್ಲಿನ ಕಾಳು ಕಾಳಿನ ನಡುವೆ, ಬರಿಗಣ್ಣಿಗೆ ಕಾಣದ ಸಂದುಗಳಲ್ಲಿ. ನೂರು ಕೊಡದಷ್ಟು ಕಲ್ಲಿನಲ್ಲಿ ಇಪ್ಪತ್ತು ಕೊಡದಷ್ಟು ಸಂದು ಸಿಕ್ಕರೆ ಅದು ಒಳ್ಳೆಯ ಕಲ್ಲು. ಸಂದುಗಳು ಒಂದಕ್ಕೊಂದು ಕೂಡಿರಬೇಕು, ಮೇಲೆ ಜೇಡಿಗಲ್ಲಿನಂಥ ಬಿಗಿ ಮುಚ್ಚಳ ಬೇಕು, ಪದರುಗಳು ಕಮಾನಿನಂತೆ ಬಾಗಿಯೋ ಸೀಳಿ ಜಾರಿಯೋ ಅನಿಲ ಮೇಲೇರದಂತೆ ತಡೆದಿರಬೇಕು.

ಡೈನೋಸಾರ್ ಕೊಳೆತ ಕಥೆಯ ಎರಡು ಹಾಳೆ ಪೂರಾ ತೆಗೆಯಿರಿ. ಪಾಚಿಯಂಥ ಸಣ್ಣ ಜೀವಿಗಳು, ಗಿಡಗಂಟಿಯ ಅವಶೇಷ ಹೂಳಿನಲ್ಲಿ ಹುದುಗಿ ಆಳಕ್ಕಿಳಿದದ್ದೇ ತೈಲಕ್ಕೂ ಅನಿಲಕ್ಕೂ ಮೂಲ. ಆಳ ಒಂದು ಕಿಲೋಮೀಟರ್ ಹೆಚ್ಚಿದರೆ ಬಿಸಿ ಸಾಮಾನ್ಯವಾಗಿ 25–30 ಡಿಗ್ರಿ ಏರುತ್ತದೆ. ಸುಮಾರು 60ರಿಂದ 120 ಡಿಗ್ರಿಯಲ್ಲಿ ಮುಖ್ಯವಾಗಿ ತೈಲ, ಅದಕ್ಕೂ ಮೇಲೆ ಅನಿಲ.

ಇನ್ನು ಕಂಡೆನ್ಸೇಟ್, ಅಂದರೆ ಅನಿಲದಿಂದ ಬೇರೆಯಾಗುವ ಹಗುರ ಎಣ್ಣೆಯಂಥ ದ್ರವ. ಅದನ್ನು ಅನ್ನದ ಗಡಿಗೆಯ ಮುಚ್ಚಳದ ಹನಿಗೆ ಹೋಲಿಸಿದ್ದೀರಿ. ಓದಲು ಚೆಂದ, ಆದರೆ ಓದುಗರ ದಾರಿ ತಪ್ಪಿಸುತ್ತದೆ. ಮುಚ್ಚಳದಡಿ ಉಗಿ ತಣ್ಣಗಾಗಿ ನೀರಾಗುತ್ತದೆ. ಆಳದ ಕಲ್ಲಿನ ಬಿಸಿ ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ. ಬಾವಿ ಕೊರೆದು ಅನಿಲ ಎಳೆದಂತೆಲ್ಲ ಇಳಿಯುವುದು ಒತ್ತಡ. ಅದು ಒಂದು ಮಟ್ಟದ ಕೆಳಗೆ ಹೋಯಿತೆಂದರೆ ಅನಿಲದ ಜೊತೆ ಬೆರೆತಿದ್ದ ಭಾರದ ಅಂಶಗಳು ದ್ರವವಾಗಿ ಬೇರೆಯಾಗುತ್ತವೆ. ಅಡುಗೆಮನೆಯ ಸಿಲಿಂಡರಿನಲ್ಲಿ ಒತ್ತಿದ್ದಕ್ಕೆ ಅನಿಲ ದ್ರವವಾಗಿದೆ, ಇಲ್ಲಿ ಒತ್ತಡ ಬಿಟ್ಟಾಗ ದ್ರವವಾಗುತ್ತದೆ! ಬೆಲೆಬಾಳುವ ಆ ದ್ರವ ಬಾವಿಯ ಸುತ್ತಲಿನ ಸಂದುಗಳಲ್ಲೇ ಸಿಕ್ಕಿಕೊಂಡು ಅನಿಲದ ದಾರಿಯನ್ನೂ ಕಟ್ಟುತ್ತದೆ. ಅದಕ್ಕೇ ಕೆಲವೆಡೆ ಒಣ ಅನಿಲವನ್ನು, ಅಂದರೆ ಭಾರದ ಅಂಶ ತೆಗೆದ ಅನಿಲವನ್ನು, ಮರಳಿ ಒಳಗೆ ತಳ್ಳಿ ಒತ್ತಡ ಕಾಯುತ್ತಾರೆ. ಇಂಥದ್ದಕ್ಕೆ ನೀವು ಕೊಟ್ಟದ್ದು ನಾಲ್ಕೇ ಸಾಲು. ಒಂದು ಹಾಳೆ ಕೊಡಿ.

‘ನಮ್ಮ ಜಿಲ್ಲೆಯಲ್ಲೂ ಅನಿಲ ಸಿಗಲಿದೆ’ ಎಂಬ ಮುಕ್ತಾಯ ಬೇಡ. ಮರಳುಗಲ್ಲು ಇದ್ದ ಮಾತ್ರಕ್ಕೆ ಅನಿಲ ಇರುವುದಿಲ್ಲ. ಬಾಗಲಕೋಟೆ ಸುತ್ತಲಿನ ಹಳೆಯ ಪದರುಗಳು ನೂರು ಕೋಟಿ ವರ್ಷಕ್ಕೂ ಹಿಂದಿನವು, ಬಹಳಷ್ಟು ಕಡೆ ಕಾಳುಗಳ ಸಂದು ಮುಚ್ಚಿ ಕಲ್ಲು ಗಟ್ಟಿಯಾಗಿದೆ. ಉದಾಹರಣೆ ಬೇಕಿದ್ದರೆ ಆಲಮಟ್ಟಿಯಿಂದ ಕೃಷ್ಣೆಯ ಜೊತೆ ಆಂಧ್ರದ ಕಡಲಿಗೆ ಇಳಿಯಿರಿ. ಅಲ್ಲಿ 2002ರಲ್ಲಿ ಆಳಸಮುದ್ರದ ತಳದಡಿ ದೊಡ್ಡ ಅನಿಲ ನಿಕ್ಷೇಪ ಸಿಕ್ಕಿತು, 2009ರಲ್ಲಿ ಅನಿಲ ದಡಕ್ಕೆ ಬಂತು.

ಹನ್ನೊಂದು ಹಾಳೆಯನ್ನು ನಾಲ್ಕಕ್ಕೆ ಇಳಿಸಿ, ಮತ್ತೆ ಕಳಿಸಿ. ಅದಕ್ಕೂ ಮೊದಲು ಆ ಕೆಂಪು ಕಲ್ಲಿನ ಮೇಲೆ ಇನ್ನೊಮ್ಮೆ ನೀರು ಚೆಲ್ಲಿ, ಇಂಗಲು ಎಷ್ಟು ಹೊತ್ತಾಯಿತೆಂದು ಗಡಿಯಾರ ಹಿಡಿದು ನೋಡಿ ಬರೆಯಿರಿ.

ಸಂಪಾದಕ, ಬೆಳಗಾವಿ