ಆರ್‌ವಿ ಕೂಟ: ಊಟದ ಪಟ್ಟಿಗಿಂತ ಮೊದಲು ಟ್ಯಾಂಕಿನ ಲೆಕ್ಕ

ಅಮೆರಿಕದಲ್ಲಿ ಆರ್‌ವಿಯನ್ನೇ (ಅಡುಗೆಮನೆ, ಹಾಸಿಗೆ, ಕಕ್ಕಸು ಎಲ್ಲ ಒಳಗೇ ಇರುವ ಗಾಡಿ) ಕಾಯಂ ಮನೆ ಮಾಡಿಕೊಂಡು ಊರೂರು ಸುತ್ತುವವರು ಒಂದೆಡೆ ಸೇರುವುದಕ್ಕೆ ‘ರ‍್ಯಾಲಿ’ ಎನ್ನುತ್ತಾರೆ. ಈ ಸಲದ ಪ್ರಶ್ನೆಗಳೆಲ್ಲ ಅಂಥದೊಂದನ್ನು ನಡೆಸಲು ಹೊರಟವರಿಂದ ಬಂದವು. ಅಳತೆಗಳು ಅಲ್ಲಿನ ರೂಢಿಯವೇ: ಗ್ಯಾಲನ್ ಎಂದರೆ ಸುಮಾರು 3.8 ಲೀಟರ್.

ಪ್ರಶ್ನೆ: ನಾವು 30 ಗಾಡಿಗಳವರು, ಸುಮಾರು 60 ಜನ. ಜನವರಿಯಲ್ಲಿ ಅರಿಜೋನಾದ ಕ್ವಾರ್ಟ್ಸ್‌ಸೈಟ್ ಸುತ್ತಮುತ್ತ ಐದು ದಿನ ಸೇರುವ ಯೋಚನೆ. ಸರ್ಕಾರಿ ಬಯಲು ಬಿಟ್ಟಿ ಸಿಗುತ್ತದಲ್ಲ, ಅನುಮತಿ ಯಾಕೆ ಬೇಕು?

ಉತ್ತರ: ಬಯಲು ಬಿಟ್ಟಿ, ನಿಜ. ಸರ್ಕಾರಿ ಬಯಲು ನೋಡಿಕೊಳ್ಳುವ ಇಲಾಖೆಯಾದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, ಅಂದರೆ ಬಿಎಲ್‌ಎಂ ನೆಲದಲ್ಲಿ ಸಾಮಾನ್ಯವಾಗಿ 28 ದಿನಗಳ ಅವಧಿಯಲ್ಲಿ 14 ದಿನ ತಂಗಬಹುದು. ಆದರೆ ಅದು ತಾನಾಗಿ ಬಂದು ತಂಗುವವರ ಮಾತು. ದಿನ ಗೊತ್ತು ಮಾಡಿ, ಆಹ್ವಾನ ಕಳಿಸಿ, 30 ಗಾಡಿ ಸೇರಿದರೆ ಅದು ಸಂಘಟಿತ ಗುಂಪು. ಅದಕ್ಕೆ ಸ್ಪೆಷಲ್ ರಿಕ್ರಿಯೇಶನ್ ಪರ್ಮಿಟ್ ಬೇಕೋ ಬೇಡವೋ ಎಂದು ಆ ಭಾಗದ ಫೀಲ್ಡ್ ಆಫೀಸ್ ತೀರ್ಮಾನಿಸುತ್ತದೆ. ಅರ್ಜಿಯನ್ನು 180 ದಿನ ಮೊದಲೇ ಕೊಡಬೇಕೆಂಬುದು ನಿಯಮ. ಜನವರಿಯ ಕೂಟಕ್ಕೆ ಜುಲೈನಲ್ಲೇ ಫೋನ್ ಮಾಡಿ. ‘ಬೇಡ’ ಎಂದರೆ ಆ ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ.

ದುಡ್ಡಿನ ವಿಷಯದಲ್ಲಿ ಹುಷಾರು. ಆದ ಖರ್ಚನ್ನು ತಲೆಗಿಷ್ಟು ಎಂದು ಹಂಚಿಕೊಂಡರೆ ತೊಂದರೆಯಿಲ್ಲ. ಖರ್ಚಿಗಿಂತ ಹೆಚ್ಚು ವಸೂಲಿ ಮಾಡಿದರೆ, ಅಥವಾ ಕಾಸು ಕೊಟ್ಟು ಜಾಹೀರಾತು ಹಾಕಿಸಿ ಜನ ಸೇರಿಸಿದರೆ, ಅದೇ ಕೂಟ ವ್ಯಾಪಾರದ ಲೆಕ್ಕಕ್ಕೆ ಹೋಗುತ್ತದೆ.

ನ್ಯಾಷನಲ್ ಫಾರೆಸ್ಟ್ ನೆಲವಾದರೆ ನಿಯಮ ಬೇರೆ. ವ್ಯಾಪಾರವಲ್ಲದ ಗುಂಪಿನಲ್ಲಿ 75 ಜನ ಮುಟ್ಟಿದರೆ ಪರ್ಮಿಟ್ ಬೇಕು. ಶುಲ್ಕವಿಲ್ಲ, ಕನಿಷ್ಠ 72 ಗಂಟೆ ಮೊದಲು ಅರ್ಜಿ ಕೊಡಬೇಕು. ನೀವು 60 ಜನ, ಸರಿ. ಶನಿವಾರ ಮಧ್ಯಾಹ್ನ ‘ಸುಮ್ಮನೆ ನೋಡಿಹೋಗಲು’ ಬಂದ 20 ಜನ? ನೋಡಲು ಬಂದವರೂ ಎಣಿಕೆಗೆ ಸೇರುತ್ತಾರೆ.

ಮೊದಲ ಸಲ ನಡೆಸುವವರಿಗೆ ನಮ್ಮ ಸಲಹೆ, ಕ್ವಾರ್ಟ್ಸ್‌ಸೈಟ್ ಪಕ್ಕದ ಲಾ ಪೋಸಾ ಪ್ರದೇಶ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಅಲ್ಲಿ ಹಣ ಕಟ್ಟಿ ದೀರ್ಘಕಾಲ ತಂಗಬಹುದು. ನೀರು, ಕಸದ ತೊಟ್ಟಿ, ಡಂಪ್ ಸ್ಟೇಷನ್ (ಗಾಡಿಯ ಕೊಳಚೆ ಟ್ಯಾಂಕ್ ಖಾಲಿ ಮಾಡುವ ಜಾಗ) ಇವೆ. ಜನವರಿಯಲ್ಲಿ ಆ ಊರಿನ ತುಂಬ ಆರ್‌ವಿಗಳೇ ಇರುವುದರಿಂದ ಡಂಪ್ ಸ್ಟೇಷನ್ನಿನ ಸಾಲು ಉದ್ದವಿರುತ್ತದೆ, ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಪ್ರಶ್ನೆ: 20 ಅಡಿಯ ವ್ಯಾನಿನಿಂದ 40 ಅಡಿಯ ಮೋಟರ್‌ಹೋಮ್‌ವರೆಗೆ ಎಲ್ಲ ಬಗೆಯವೂ ಬರುತ್ತವೆ. ಎಷ್ಟು ಜಾಗ ಹಿಡಿಯಬೇಕು? ನಡುವೆ ಬೆಂಕಿ ಹಾಕಿ ಸುತ್ತಲೂ ವೃತ್ತವಾಗಿ ನಿಲ್ಲಿಸುವ ಆಸೆ.

ಉತ್ತರ: ವೃತ್ತ ಫೋಟೋಕ್ಕೆ ಚೆಂದ. ಆದರೆ ಮೂರನೇ ದಿನ ಯಾರಿಗಾದರೂ ಹಲ್ಲುನೋವು ಬಂದು ಊರಿಗೆ ಹೊರಟರೆ, ಇಬ್ಬರು ಆನಿಂಗ್ (ಗಾಡಿಯ ಬದಿಗೆ ಬಿಚ್ಚುವ ನೆರಳಿನ ಬಟ್ಟೆ) ಮಡಚಿ ದಾರಿ ಬಿಡಬೇಕಾಗುತ್ತದೆ. ಸಾಲುಗಳೇ ವಾಸಿ.

ಲೆಕ್ಕ ಹೀಗೆ ಹಾಕಿ. ದೊಡ್ಡ ಗಾಡಿಯ ಮೈಯ ಅಗಲ ಎಂಟೂವರೆ ಅಡಿ. ಎರಡೂ ಬದಿ ಸ್ಲೈಡ್ (ಹೊರಕ್ಕೆ ಜಾರುವ ಕೋಣೆಯ ಭಾಗ) ಹೊರಗೆಳೆದರೆ 14 ಅಡಿಯಷ್ಟಾಗುತ್ತದೆ. ಬಾಗಿಲ ಕಡೆ ಆನಿಂಗ್ ಬಿಚ್ಚಿದರೆ ಇನ್ನೂ 8 ಅಡಿ. ಪಕ್ಕದ ಗಾಡಿಗೆ ಬೆಂಕಿ ದಾಟದಂತೆ ಕನಿಷ್ಠ 10 ಅಡಿ ಖಾಲಿ ಬಿಡಬೇಕು. ಹಾಗಾಗಿ ಒಬ್ಬೊಬ್ಬರಿಗೆ 35 ಅಡಿ ಅಗಲ; ಹಿಂದೆ ಎಳೆದು ತರುವ ಕಾರೂ ಸೇರಿ 60 ಅಡಿ ಉದ್ದ. ಮೂವತ್ತಕ್ಕೆ 63,000 ಚದರಡಿ, ಸುಮಾರು ಒಂದೂವರೆ ಎಕರೆ. ಸಾಲುಗಳ ನಡುವೆ ತಿರುಗಿಸಲು 24 ಅಡಿ ದಾರಿ, ನಡುವೆ ಕೂರುವ ಜಾಗ, ತಡವಾಗಿ ಬರುವವರು ಮೊದಲ ರಾತ್ರಿ ತಂಗಲು ಅಂಚಿನಲ್ಲಿ ಜಾಗ ಎಲ್ಲ ಸೇರಿದರೆ ಮೂರು ಎಕರೆ ಬೇಕೇ ಬೇಕು. ಅಮೆರಿಕದ ಆರ್‌ವಿಗಳಲ್ಲಿ ಬಾಗಿಲು ಬಲಕ್ಕೆ, ಕೊಳಚೆ ಕೊಳವೆ ಎಡಕ್ಕೆ. ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತರೆ ಒಬ್ಬರ ಬಾಗಿಲಿನ ಮುಂದೆ ಇನ್ನೊಬ್ಬರ ಬಾಗಿಲು ಬರುವುದಿಲ್ಲ. ಬೆನ್ನಿಗೆ ಬೆನ್ನು ಕೊಟ್ಟು ನಿಂತವರ ಜಗಳ ಬಿಡಿಸುವ ಕೆಲಸವೂ ನಿಮಗೆ ತಪ್ಪುತ್ತದೆ.

ಭಾರಿ ಗಾಡಿಗಳನ್ನು ಮೊದಲು ಕರೆದು ಗಟ್ಟಿ ನೆಲದಲ್ಲಿ ನಿಲ್ಲಿಸಿ. ಜಾಕ್‌ಗಳ ಕೆಳಗೆ ಅಗಲವಾದ ಹಲಗೆ ಇರಲಿ. ಒಣಗಿದ ಹಳ್ಳದ ಪಾತ್ರ ನುಣ್ಣಗೆ, ಸಮತಟ್ಟಾಗಿ ಕಂಡರೂ ಅಲ್ಲಿ ನಿಲ್ಲಿಸಬೇಡಿ. ಮಳೆ ಬೇರೆಲ್ಲೋ ಬಿದ್ದು ನೀರು ಇಲ್ಲಿಗೆ ನುಗ್ಗುತ್ತದೆ. ನೆರಳಿನ ಲೆಕ್ಕ ಬಹಳ ಜನ ಮರೆಯುತ್ತಾರೆ. ನಡು ಜನವರಿಯಲ್ಲಿ ಆ ಭಾಗದ ನಡುಹಗಲಿನ ಸೂರ್ಯ ಕೇವಲ 35 ಡಿಗ್ರಿ ಎತ್ತರದಲ್ಲಿರುತ್ತಾನೆ. 13 ಅಡಿ ಎತ್ತರದ ಗಾಡಿಯ ನೆರಳು ಉತ್ತರಕ್ಕೆ 18 ಅಡಿ ಚಾಚುತ್ತದೆ. ಚಾವಣಿಯ ಸೋಲಾರ್‌ಗೆ ಅಷ್ಟು ತೊಂದರೆಯಿಲ್ಲ. ಪ್ಯಾನೆಲ್ ನೆಲದ ಮೇಲೆ ಹರಡುವ ವ್ಯಾನಿನವರನ್ನು ಮಾತ್ರ ದಕ್ಷಿಣದ ಸಾಲಿಗೆ ಹಾಕಿ.

ಪ್ರಶ್ನೆ: ನೀರು, ಕೊಳಚೆಗೆ ಏನು ಏರ್ಪಾಡು ಮಾಡಬೇಕು? ಎಲ್ಲರೂ ಅನುಭವಿಗಳೇ, ಅವರವರು ನೋಡಿಕೊಳ್ಳುತ್ತಾರೆ ಎಂದು ಕೆಲವರು ಹೇಳುತ್ತಾರೆ.

ಉತ್ತರ: ಕೂಟ ಕೆಡುವುದು ಇಲ್ಲೇ. ಒಬ್ಬಂಟಿ ಪ್ರಯಾಣದಲ್ಲಿ ಪಳಗಿದವರೂ ನೂರು ತಟ್ಟೆ ತೊಳೆಯುವ ಲೆಕ್ಕ ಇಟ್ಟುಕೊಂಡಿರುವುದಿಲ್ಲ.

ಹಿಡಿತದಲ್ಲಿ ಬಳಸುವವರಿಗೆ ದಿನಕ್ಕೆ ತಲೆಗೆ 5 ಗ್ಯಾಲನ್ ಸಾಕು. ಕೈ ಸಡಿಲವಾದರೆ 10 ದಾಟುತ್ತದೆ. ಇಬ್ಬರಿಗೆ ಐದು ದಿನಕ್ಕೆ 50 ಗ್ಯಾಲನ್. ದೊಡ್ಡ ಗಾಡಿಯ ಟ್ಯಾಂಕಿನಲ್ಲಿ ಅಷ್ಟು ಹಿಡಿಯುತ್ತದೆ. 20 ಗ್ಯಾಲನ್ನಿನ ವ್ಯಾನು ಎರಡನೇ ದಿನವೇ ಬತ್ತುತ್ತದೆ. ನೋಂದಣಿ ಅರ್ಜಿಯಲ್ಲಿ ಗಾಡಿಯ ಉದ್ದ ಕೇಳುವ ಜಾಗದಲ್ಲೇ ಮೂರೂ ಟ್ಯಾಂಕಿನ ಅಳತೆ ಕೇಳಿಬಿಡಿ: ಸಿಹಿನೀರು, ಗ್ರೇ (ಬಚ್ಚಲು ಮತ್ತು ಸಿಂಕಿನದು), ಬ್ಲ್ಯಾಕ್ (ಕಕ್ಕಸಿನದು).

ಮೊದಲು ತುಂಬುವುದು ಗ್ರೇ ಟ್ಯಾಂಕ್. ಕುಡಿದದ್ದು, ಫ್ಲಶ್ ಮಾಡಿದ್ದು ಬಿಟ್ಟರೆ ಎಲ್ಲ ನೀರೂ ಅಲ್ಲಿಗೇ ಇಳಿಯುತ್ತದೆ. ಹಂಚಿ ಉಣ್ಣುವ ಊಟದ ನಂತರ ಒಳ್ಳೆಯ ಮನಸ್ಸಿನ ಒಬ್ಬರು ‘ಪಾತ್ರೆ ನಮ್ಮಲ್ಲೇ ತೊಳೆಯೋಣ’ ಎನ್ನುತ್ತಾರೆ. ಮರುದಿನ ಬೆಳಿಗ್ಗೆ ಅವರ ಶವರ್ ತಳದಲ್ಲಿ ಜಿಡ್ಡುನೀರು ಮೇಲೇಳುತ್ತದೆ. ಶವರ್‌ನ ಕಿಂಡಿ ಎಲ್ಲಕ್ಕಿಂತ ತಗ್ಗಿನಲ್ಲಿರುವುದರಿಂದ ತುಂಬಿದ ಗ್ರೇ ಟ್ಯಾಂಕ್ ಅಲ್ಲೇ ಉಕ್ಕುವುದು. ಬದಲಿಗೆ ಹೊರಗೆ ಮೂರು ಟಬ್ ಇಡಿ: ತೊಳೆಯಲು, ಜಾಲಾಡಲು, ಕೊನೆಯದು ಬ್ಲೀಚ್ ಹಾಕಿದ್ದು. ತಟ್ಟೆಯನ್ನು ಮೊದಲು ಕಾಗದದಿಂದ ಒರೆಸಿದರೆ ನೀರು ಅರ್ಧಕ್ಕಿಳಿಯುತ್ತದೆ. ಟಬ್ಬಿನ ನೀರನ್ನು ಕೊಳಚೆ ಸಾಗಿಸುವ ಚಕ್ರದ ಟೋಟ್ ಟ್ಯಾಂಕಿಗೆ ಸುರಿಯಿರಿ, ನೆಲಕ್ಕಲ್ಲ. 15 ಗ್ಯಾಲನ್ನಿನದನ್ನೇ ತನ್ನಿ. ಒಂದು ಗ್ಯಾಲನ್ 8.34 ಪೌಂಡ್, ತುಂಬಿದರೆ ನೀರೇ 125 ಪೌಂಡ್ ತೂಗುತ್ತದೆ. 30 ಗ್ಯಾಲನ್ನಿನದನ್ನು ಮರಳಿನಲ್ಲಿ ಕೈಯಿಂದ ಎಳೆಯಲಾಗದು.

ಮೂರನೇ ದಿನಕ್ಕೆ, ಟ್ಯಾಂಕಿನ ಕೊಳಚೆ ಹೀರಿಕೊಂಡು ಹೋಗುವ ಪಂಪ್-ಔಟ್ ಲಾರಿಯನ್ನು ಮೊದಲೇ ಗೊತ್ತು ಮಾಡಿ. ಲಾರಿ ಗಾಡಿಗಳ ಎಡಬದಿಯಲ್ಲಿ ಸಾಗುವಂತೆ 12 ಅಡಿ ದಾರಿ ಬಿಡಿ. ತಮ್ಮ ಟ್ಯಾಂಕ್ ಮೂರನೇ ಎರಡು ಭಾಗ ತುಂಬಿದೆ ಎಂದು ತೋರಿಸುವ ಸೆನ್ಸರನ್ನು ಯಾರೂ ಪೂರ್ತಿ ನಂಬಬಾರದು. ಕಾಗದ ಅಂಟಿಕೊಂಡು ಖಾಲಿ ಟ್ಯಾಂಕನ್ನೂ ಅದು ತುಂಬಿದೆ ಎನ್ನುತ್ತದೆ.

ಇನ್ನು ಹೊರಡುವ ಬೆಳಿಗ್ಗೆ. ಒಂದು ಗಾಡಿಯ ಎರಡೂ ಟ್ಯಾಂಕ್ ಖಾಲಿ ಮಾಡಿ, ಕೊಳವೆ ತೊಳೆದು, ಎತ್ತಿಡಲು 12 ನಿಮಿಷ ಹಿಡಿಯಿರಿ. ಡಂಪ್ ಸ್ಟೇಷನ್ನಿನಲ್ಲಿ ಒಂದೇ ಕಿಂಡಿಯಿದ್ದರೆ 30 ಗಾಡಿಗೆ ಆರು ಗಂಟೆ. ಹತ್ತು ಹತ್ತು ಗಾಡಿಗಳಂತೆ ಮೂರು ದಿನಕ್ಕೆ ಹಂಚಿ. ದೂರ ಹೋಗುವವರು ಮೊದಲು. ಡಂಪ್ ಸ್ಟೇಷನ್ನಿನ ತೊಳೆಯುವ ನಲ್ಲಿಯಿಂದ ಕುಡಿಯುವ ನೀರು ಹಿಡಿಯಬಾರದು, ತೊಳೆಯುವ ಹೋಸನ್ನು ಸಿಹಿನೀರಿನ ಹೋಸಿನ ಜೊತೆ ಒಂದೇ ಪೆಟ್ಟಿಗೆಯಲ್ಲಿ ಸುತ್ತಿಡಬಾರದು. ಇದನ್ನು ಅನುಭವಿಗಳಿಗೂ ಒಮ್ಮೆ ಹೇಳಿ.

ಪ್ರಶ್ನೆ: ಹಿರಿಯರಿದ್ದಾರೆ, ಎಸಿ ಬೇಕು. ಹಾಗಾಗಿ ಜಿಲ್ಲಾ ಜಾತ್ರೆ ಮೈದಾನದಲ್ಲಿ ಕರೆಂಟ್ ಇರುವ ಜಾಗ ನೋಡಿದ್ದೇವೆ. 50 ಆಂಪ್ ಗಾಡಿಗಳನ್ನು 30 ಆಂಪ್ ಸಾಕೆಟ್ಟಿಗೆ ಅಡಾಪ್ಟರ್ ಹಾಕಿ ನಡೆಸಬಹುದೇ?

ಉತ್ತರ: ಹಾಕಬಹುದು, ಆದರೆ ಅಡಾಪ್ಟರ್ ಕರೆಂಟ್ ಹೆಚ್ಚಿಸುವುದಿಲ್ಲ. 30 ಆಂಪ್ ಎಂದರೆ 120 ವೋಲ್ಟ್‌ನ ಒಂದೇ ಲೈನ್, 3,600 ವ್ಯಾಟ್. 50 ಆಂಪ್‌ನಲ್ಲಿ ಅಂಥ ಎರಡು ಲೈನ್, ಒಟ್ಟು 12,000 ವ್ಯಾಟ್. ಮೂರು ಪಟ್ಟಿಗೂ ಹೆಚ್ಚು ವ್ಯತ್ಯಾಸ. ಒಂದು ಎಸಿ 13ರಿಂದ 15 ಆಂಪ್ ಎಳೆಯುತ್ತದೆ; ಜೊತೆಗೆ ಮೈಕ್ರೋವೇವ್, ವಾಟರ್ ಹೀಟರ್ ಎರಡೂ ಹಾಕಿದರೆ ಬ್ರೇಕರ್ ಬೀಳುವುದು ಖಚಿತ.

ಇಂಥ ಮೈದಾನಗಳಲ್ಲಿ ಸಾಕೆಟ್ ಪೆಟ್ಟಿಗೆಗಳು ಸಾಲಾಗಿದ್ದರೂ ಹಿಂದಿನ ಕೇಬಲ್ ಒಂದೇ ಇರುತ್ತದೆ. ಬೆಳಿಗ್ಗೆ ಮೀಟರ್ ಹಿಡಿದು 120 ವೋಲ್ಟ್ ಕಂಡರೆ ಏನೂ ಗೊತ್ತಾಗುವುದಿಲ್ಲ. ಮಧ್ಯಾಹ್ನ ಮೂರಕ್ಕೆ ಎಲ್ಲರ ಎಸಿ ಓಡುತ್ತಿರುವಾಗ, ಸಾಲಿನ ಕಟ್ಟಕಡೆಯ ಪೆಟ್ಟಿಗೆಯಲ್ಲಿ ಅಳೆಯಬೇಕು. 104 ವೋಲ್ಟ್‌ಗಿಂತ ಕೆಳಗಿಳಿದರೆ, ಕಡಿಮೆ ವೋಲ್ಟೇಜನ್ನೂ ಗಮನಿಸುವ ಸರ್ಜ್ ಪ್ರೊಟೆಕ್ಟರ್‌ಗಳು ಕರೆಂಟ್ ಕಡಿದುಬಿಡುತ್ತವೆ. ಪ್ರೊಟೆಕ್ಟರ್ ಇಲ್ಲದವರ ಎಸಿ ಕಂಪ್ರೆಸರ್ ಸುಡಬಹುದು. ಎಸಿಗಳನ್ನು ಸರದಿಯಲ್ಲಿ ಓಡಿಸುವುದೊಂದೇ ದಾರಿ.

ಇನ್ನೊಂದು ಅಪಾಯ. ಆರ್‌ವಿಯ 30 ಆಂಪ್ ಸಾಕೆಟ್ ನೋಡಲು ಬಟ್ಟೆ ಒಣಗಿಸುವ ಯಂತ್ರದ ಹಳೆಯ ಸಾಕೆಟ್ಟಿನ ಹಾಗೇ ಇರುತ್ತದೆ. ಆರ್‌ವಿ ಕಾಣದ ಎಲೆಕ್ಟ್ರಿಷಿಯನ್ ಹೊಸದಾಗಿ ಹಾಕಿದರೆ ಅಭ್ಯಾಸಬಲದಿಂದ 240 ವೋಲ್ಟ್ ಕೊಟ್ಟುಬಿಡುತ್ತಾರೆ. ಪ್ಲಗ್ ಚುಚ್ಚಿದ ಕ್ಷಣದಲ್ಲೇ ಮೈಕ್ರೋವೇವ್, ಕನ್ವರ್ಟರ್, ಟಿವಿ ಎಲ್ಲ ಹೋಗುತ್ತವೆ. ಮೊದಲ ಗಾಡಿ ಬರುವ ಮುನ್ನ ಒಂದೊಂದು ಸಾಕೆಟ್ಟನ್ನೂ ಮಲ್ಟಿಮೀಟರ್‌ನಿಂದ ನೋಡಿ, ಸರಿಯಿದ್ದದ್ದಕ್ಕೆ ಹಸಿರು ಟೇಪ್ ಸುತ್ತಿ. ಟೇಪ್ ಇಲ್ಲದ ಪೆಟ್ಟಿಗೆಗೆ ಯಾರೂ ಕೈ ಹಾಕಬಾರದು.

ಪ್ರಶ್ನೆ: ಬಯಲಿನಲ್ಲೇ ಸೇರಿದರೆ ಜನರೇಟರ್‌ಗೆ ಹೊತ್ತು ನಿಗದಿ ಮಾಡಬೇಕೇ?

ಉತ್ತರ: ಮಾಡಲೇಬೇಕು. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಸಾಕು. ಜನರೇಟರ್‌ನವರನ್ನು ಗಾಳಿ ಹೋಗುವ ಕಡೆಯ ಅಂಚಿನಲ್ಲಿ ಇರಿಸಿ. ಹೊಗೆಯ ಬಾಯಿ ಯಾರ ಕಿಟಕಿಗೂ ಎದುರಿರಬಾರದು, 20 ಅಡಿ ದೂರವಿರಲಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಉಸಿರಾಟದ ಯಂತ್ರ ಹಚ್ಚಿ ಮಲಗುವವರಿಗೆ ಬ್ಯಾಟರಿ ಸಾಲದಿದ್ದರೆ ಅವರಿಗೆ ವಿನಾಯಿತಿ ಕೊಟ್ಟು, ಅಕ್ಕಪಕ್ಕದವರಿಗೆ ಮೊದಲೇ ತಿಳಿಸಿ.

ಪ್ರಶ್ನೆ: ಆಂಬ್ಯುಲೆನ್ಸ್ ಕರೆಯಬೇಕಾದರೆ ವಿಳಾಸವೇ ಇಲ್ಲವಲ್ಲ?

ಉತ್ತರ: ಅಕ್ಷಾಂಶ-ರೇಖಾಂಶವನ್ನು ದಶಮಾಂಶದಲ್ಲಿ ಬರೆದು ಪ್ರತಿ ಗಾಡಿಯ ಬಾಗಿಲ ಒಳಗೆ ಅಂಟಿಸಿ, ಕೆಳಗೆ ಹೆದ್ದಾರಿಯ ಮೈಲುಗಲ್ಲು. ತುರ್ತು ಸಂಖ್ಯೆ 911ಕ್ಕೆ ಒಬ್ಬರು ಕರೆ ಮಾಡಿದರೆ ಇನ್ನೊಬ್ಬರು ಕಾರಿನ ದೀಪ ಹಚ್ಚಿ ಟಾರು ರಸ್ತೆಯ ತಿರುವಿನಲ್ಲಿ ನಿಲ್ಲಬೇಕು. ಆ ಇನ್ನೊಬ್ಬರು ಯಾರೆಂದು ಮೊದಲ ದಿನವೇ ಗೊತ್ತಿರಲಿ.

ಪ್ರಶ್ನೆ: ಕಾರ್ಯಕ್ರಮ ಏನೇನು ಇಡೋಣ? ಭಾಷಣಗಾರರನ್ನು ಕರೆಸಬೇಕೇ?

ಉತ್ತರ: ಬೇಡ. ಏರ್‌ಸ್ಟ್ರೀಮ್ ಟ್ರೇಲರ್‌ನವರ ವಾಲಿ ಬಯಮ್ ಕ್ಯಾರವಾನ್ ಕ್ಲಬ್ ಶುರುವಾದದ್ದು 1955ರಲ್ಲಿ, ಎಸ್ಕೇಪೀಸ್ ಕ್ಲಬ್ 1978ರಲ್ಲಿ. ಇಂಥ ಕೂಟಗಳ ಜೀವಾಳ ಸದಸ್ಯರು ಸದಸ್ಯರಿಗೇ ಕಲಿಸುವುದು. ವರ್ಷವಿಡೀ ಗಾಡಿಯಲ್ಲಿರುವವರಿಗೆ ಬೇಕಾದದ್ದು ರಿಪೇರಿಯ ಒಂದು ಮಧ್ಯಾಹ್ನ, ಬೇಡವಾದ ಸಾಮಾನು ಅದಲುಬದಲು ಮಾಡುವ ಒಂದು ಮೇಜು, ಸಂಜೆ ಬೆಂಕಿ. ಉಳಿದದ್ದು ಖಾಲಿ ಬಿಡಿ.

ರಿಪೇರಿ ಮಧ್ಯಾಹ್ನಕ್ಕೆ ಒಳ್ಳೆಯ ಪಾಠ, ವಾಟರ್ ಹೀಟರಿನ ಆನೋಡ್ ರಾಡ್ ಬದಲಿಸುವುದು. ಸಬರ್ಬನ್ ಕಂಪನಿಯ ಹೀಟರ್‌ಗಳ ಉಕ್ಕಿನ ಟ್ಯಾಂಕನ್ನು ತುಕ್ಕಿನಿಂದ ಕಾಯಲು ಈ ರಾಡ್ ತಾನು ಸವೆಯುತ್ತದೆ. ಮುಕ್ಕಾಲು ಭಾಗ ಸವೆದಿದ್ದರೆ ಹೊಸದು ಹಾಕಬೇಕು. ಹೀಟರ್ ಆರಿಸಿ, ನೀರು ತಣ್ಣಗಾಗಲು ಬಿಡಿ. ಪಂಪ್ ನಿಲ್ಲಿಸಿ, ಬಿಸಿನೀರಿನ ನಲ್ಲಿ ತಿರುಗಿಸಿ ಒತ್ತಡ ಇಳಿಸಿ. ಆಮೇಲೆ 1 ಪೂರ್ಣಾಂಕ 1/16 ಇಂಚಿನ ಸಾಕೆಟ್ಟಿನಿಂದ ಬಿಚ್ಚಿ. ಒತ್ತಡ ಇಳಿಸದೆ ಬಿಚ್ಚಿದರೆ ರಾಡ್ ಚಿಮ್ಮಿ ಎದೆಗೆ ಬಡಿಯುತ್ತದೆ. ಹೊಸ ರಾಡಿನ ತಿರುಪಿನ ಸುತ್ತುಗಳಿಗೆ ಟೆಫ್ಲಾನ್ ಟೇಪ್ ಸುತ್ತಿ ಬಿಗಿಯಿರಿ, ಟ್ಯಾಂಕ್ ಪೂರ್ತಿ ತುಂಬುವವರೆಗೆ ಹೀಟರ್ ಹಚ್ಚಬೇಡಿ. ಬಿಚ್ಚಿದಾಗ ಆರು ಗ್ಯಾಲನ್ ನೀರು ಸುರಿಯುತ್ತದೆ; ಬಯಲಿನಲ್ಲಿ ಅದು ಒಬ್ಬರ ಒಂದು ದಿನದ ಪಾಲು. ಕೆಳಗೆ ಟಬ್ ಇಟ್ಟು ಹಿಡಿಯಿರಿ, ಕಕ್ಕಸಿಗೆ ಹಾಕಲು ಆಗುತ್ತದೆ.